ಹಬ್ಬವಿಲ್ಲದ ಮನೆಯಲ್ಲಿ ಹೊಸ ವರ್ಷ

ಪರದೇಶದಲ್ಲಿ ಪಾಠ ಹೇಳಿ ಬದುಕುವವನಿಗೆ ಕೆಲಸದ ದಿನಗಳು ಭಾರವಾಗುವುದಿಲ್ಲ. ರಜೆಯ ದಿನಗಳು ಭಾರವಾಗುತ್ತವೆ. ಶಾಲೆ ನಡೆಯುವಷ್ಟು ಕಾಲ ಅವನಿಗೊಂದು ಮೇಜುಂಟು, ಒಂದು ಹೆಸರುಂಟು, ಬೆಳಗಾದರೆ ತಲೆಬಾಗಿ ವಂದಿಸುವ ಮಕ್ಕಳುಂಟು. ಶಾಲೆಗೆ ಬೀಗ ಬಿದ್ದೊಡನೆ ಆ ಊರಿನಲ್ಲಿ ಅವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಜಪಾನಿನಲ್ಲಿ ಈ ಮಾತು ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಮನಸ್ಸಿಗೆ ತಟ್ಟುವಂತೆ ವರ್ಷದ ಇನ್ನಾವ ಕಾಲದಲ್ಲಿಯೂ ತಟ್ಟುವುದಿಲ್ಲ. ಅಲ್ಲಿಯ ಹೊಸ ವರ್ಷ ಬೀದಿಯ ಹಬ್ಬವಲ್ಲ, ಮನೆಯ ಹಬ್ಬ. ಪಟ್ಟಣಗಳಿಗೆ ಹೋದ ಮಕ್ಕಳು ತಾಯ್ತಂದೆಯರ ಊರಿಗೆ ಮರಳುತ್ತಾರೆ, ರೈಲುಗಳು ತುಂಬುತ್ತವೆ, ಮನೆಮನೆಯ ಬಾಗಿಲು ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಹೊರಗಿನವನು ಹೊರಗೇ ಉಳಿಯುತ್ತಾನೆ.

ಮೈಸೂರು ಸೀಮೆಯಿಂದ ಹೊರಟ ನಾನು ಸೇರಿದ್ದು ಜಪಾನಿನ ಪಶ್ಚಿಮ ಕರಾವಳಿಯ ಶಿಮಾನೆ ಪ್ರಾಂತದ ಒಂದು ಚಿಕ್ಕ ಊರು. ಸೈಬೀರಿಯದ ಕಡೆಯಿಂದ ಸಮುದ್ರ ದಾಟಿ ಬರುವ ಗಾಳಿ ಚಳಿಗಾಲದುದ್ದಕ್ಕೂ ಅಲ್ಲಿ ಮೋಡ, ಮಳೆ, ಹಿಮಗಳನ್ನು ಸುರಿಸುತ್ತದೆ. ಬುತ್ತಿ ಮರೆತರೂ ಕೊಡೆಯನ್ನು ಮರೆಯಬೇಡ ಎಂಬ ಗಾದೆ ಆ ಕಡೆಯ ಜನರದು. ನನ್ನ ಉದ್ಯೋಗ ಸಹಾಯಕ ಭಾಷಾ ಶಿಕ್ಷಕನದು. ಎಂದರೆ ಜಪಾನೀ ಉಪಾಧ್ಯಾಯರ ಪಕ್ಕದಲ್ಲಿ ನಿಂತು ಮಕ್ಕಳಿಗೆ ಇಂಗ್ಲಿಷ್ ಮಾತಿನ ರೂಢಿ ಮಾಡಿಸುವುದು. ಇಂಥವರನ್ನು ಕರೆಸಿಕೊಳ್ಳುವ ಸರ್ಕಾರದ ಯೋಜನೆ 1987ರಲ್ಲಿ ನಾಲ್ಕು ದೇಶಗಳ 848 ಮಂದಿಯಿಂದ ಆರಂಭವಾಯಿತು. ಈಗ ವರ್ಷಕ್ಕೆ 5,000ಕ್ಕೂ ಹೆಚ್ಚು ಮಂದಿ ಅದರಲ್ಲಿ ದುಡಿಯುತ್ತಾರೆ.

ಹಳೆಯ ಮೇಷ್ಟರೊಬ್ಬರು

ಪರದೇಶದ ಮೇಷ್ಟರು ಆ ಪ್ರಾಂತಕ್ಕೆ ಹೊಸಬರಲ್ಲ. ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ಅಮೆರಿಕದಲ್ಲಿ ಪತ್ರಿಕೋದ್ಯೋಗಿಯಾಗಿದ್ದ ಲಾಫ್‌ಕಾಡಿಯೊ ಹರ್ನ್ 1890ರಲ್ಲಿ ಇದೇ ಶಿಮಾನೆಯ ಮುಖ್ಯ ಪಟ್ಟಣವಾದ ಮಾತ್ಸುಯೆಗೆ ಇಂಗ್ಲಿಷ್ ಮೇಷ್ಟರಾಗಿ ಬಂದರು. ಆ ವರ್ಷದ ಚಳಿಗಾಲ ಬಹು ಕಠಿನವಾಗಿತ್ತು. ಹರ್ನ್ ಹಾಸಿಗೆ ಹಿಡಿದರು. ಬಡತನಕ್ಕೆ ಇಳಿದಿದ್ದ ಸಮುರಾಯ್ ಮನೆತನದ ಕೊಯಿಝುಮಿ ಸೆತ್ಸು ಎಂಬ ಹೆಣ್ಣುಮಗಳು ಅವರ ಮನೆಯ ಆಡಳಿತ ನೋಡಿಕೊಳ್ಳಲು ಬಂದು, ಕೊನೆಗೆ ಅವರ ಕೈಹಿಡಿದರು. ಮಾತ್ಸುಯೆಯಲ್ಲಿ ಅವರು ಇದ್ದುದು ಸುಮಾರು ಹದಿನೈದು ತಿಂಗಳು ಮಾತ್ರ. ಆದರೂ ಕೋಟೆಯ ಕಂದಕದ ದಡದಲ್ಲಿ ಅವರು ವಾಸಿಸಿದ ಮನೆಯನ್ನು ಜನ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. 1896ರಲ್ಲಿ ಹರ್ನ್ ಜಪಾನೀ ಪ್ರಜೆಯಾಗಿ, ಹೆಂಡತಿಯ ಮನೆತನದ ಹೆಸರನ್ನೇ ಹೊತ್ತು, ಕೊಯಿಝುಮಿ ಯಾಕುಮೊ ಆದರು. ಪರದೇಶಿಯೊಬ್ಬನಿಗೆ ಆ ನಾಡಿನೊಳಕ್ಕೆ ದಾರಿ ದೊರೆತದ್ದು ಪಾಠಶಾಲೆಯ ಮೂಲಕವಲ್ಲ, ಒಂದು ಮನೆಯ ಮೂಲಕ ಎಂಬುದನ್ನು ವಾಚಕರು ಗಮನಿಸಬೇಕು.

ಕ್ರಿಸ್‌ಮಸ್ಸಿನ ವೇಷ

ಡಿಸೆಂಬರ್ ಬಂತೆಂದರೆ ಪರದೇಶಿ ಶಿಕ್ಷಕನಿಗೆ ಇದ್ದಕ್ಕಿದ್ದಂತೆ ಬೇಡಿಕೆ ಏರುತ್ತದೆ. ಜಪಾನಿನಲ್ಲಿ ಕ್ರಿಸ್ತನ ಅನುಯಾಯಿಗಳು ನೂರಕ್ಕೆ ಒಂದೆರಡು ಮಂದಿಯೂ ಇಲ್ಲ. ಕ್ರಿಸ್‌ಮಸ್ ದಿನ ಸಾರ್ವಜನಿಕ ರಜೆಯೂ ಅಲ್ಲ. ಆದರೆ ದೀಪಾಲಂಕಾರ, ಸ್ಟ್ರಾಬೆರಿ ಹಣ್ಣು ಕೂರಿಸಿದ ಬಿಳಿಯ ಕೇಕು, ಕರಿದ ಕೋಳಿ, ಇವು ಮೂರೂ ತಪ್ಪುವುದಿಲ್ಲ. 1974ರಲ್ಲಿ ಕೆಂಟಕಿ ಕಂಪನಿಯವರು ನಡೆಸಿದ ಜಾಹೀರಾತಿನ ತರುವಾಯ ಆ ರಾತ್ರಿ ಕೋಳಿ ತಿನ್ನುವುದು ಸಂಪ್ರದಾಯವೇ ಆಗಿಬಿಟ್ಟಿದೆ. ಶಾಲೆಗಳಲ್ಲಿ ಸಾಂತಾಕ್ಲಾಸನ ಕೆಂಪು ಅಂಗಿ ಹುಡುಕಿಕೊಂಡು ಬರುವುದು ಪರದೇಶಿಯ ಮೈಯನ್ನೇ. ಆತ ಯಾವ ದೇಶದವನು, ಯಾವ ಮತದವನು ಎಂಬ ಜಿಜ್ಞಾಸೆ ಅಂಗಿಗೆ ಇಲ್ಲ. ಹತ್ತಿಯ ಗಡ್ಡ ಕಟ್ಟಿಕೊಂಡ ಎಣ್ಣೆಗಪ್ಪಿನ ಸಾಂತಾಕ್ಲಾಸನನ್ನು ಕಂಡು ಒಂದನೆಯ ತರಗತಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ಮಾತ್ರ ನನ್ನ ಕೈಯನ್ನೇ ದಿಟ್ಟಿಸಿ ನೋಡಿ, ಸಾಂತಾ ಬೇಸಿಗೆಯಲ್ಲಿ ಸಮುದ್ರಕ್ಕೆ ಹೋಗಿದ್ದರೇ ಎಂದು ಕೇಳಿದ.

ಇದೆಲ್ಲ ಸಂತೋಷದ ಆಟವೇ. ಆದರೆ ಆಟ ಮುಗಿದು ಅಂಗಿಯನ್ನು ಪೆಟ್ಟಿಗೆಗೆ ಮಡಿಚಿಟ್ಟ ಮೇಲೆ ಒಂದು ಸಂದೇಹ ಉಳಿಯುತ್ತದೆ. ಅವರು ಬರಮಾಡಿಕೊಂಡದ್ದು ನನ್ನನ್ನೋ, ಅಂಗಿಯನ್ನೋ?

ನೆಲ ಒರಸುವ ಬಟ್ಟೆ

ನನ್ನ ಸಂದೇಹವನ್ನು ಮೊದಲು ಸ್ವಲ್ಪ ಅಳಿಸಿದ್ದು ಒಂದು ಚಿಂದಿ ಬಟ್ಟೆ. ಜಪಾನಿನ ಶಾಲೆಗಳಲ್ಲಿ ಕಸ ಗುಡಿಸಿ ನೆಲ ಒರಸುವುದು ಮಕ್ಕಳ ದಿನಚರಿಯ ಭಾಗ. ವರ್ಷ ಮುಗಿಯುವಾಗ ನಡೆಯುವುದಂತೂ ‘ಓಸೋಜಿ’, ಮಹಾ ಶುದ್ಧಿ. ಕಿಟಕಿಯ ಗಾಜು, ಬೂಟಿನ ಗೂಡು, ಮೆಟ್ಟಿಲಿನ ಮೂಲೆ, ಯಾವುದನ್ನೂ ಬಿಡುವುದಿಲ್ಲ. ಮಕ್ಕಳು ಒದ್ದೆ ಬಟ್ಟೆಯ ಮೇಲೆ ಎರಡೂ ಅಂಗೈಗಳನ್ನೂರಿ, ಬೆನ್ನು ಬಾಗಿಸಿ, ಉದ್ದನೆಯ ಹಜಾರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಾರೆ. ಮುಖ್ಯೋಪಾಧ್ಯಾಯರೂ ತೋಳು ಮಡಿಚಿರುತ್ತಾರೆ. ನಮ್ಮಲ್ಲಿ ದೀಪಾವಳಿಗೆ ಮುನ್ನ ಅಟ್ಟದ ಪಾತ್ರೆಗಳು ಅಂಗಳಕ್ಕಿಳಿಯುವುದನ್ನು ಕಂಡವರಿಗೆ ಆ ಗದ್ದಲ ಹೊಸದೆನಿಸದು.

ಹಿರಿಯ ಉಪಾಧ್ಯಾಯಿನಿಯೊಬ್ಬರು ನನಗೂ ಒಂದು ಬಟ್ಟೆ ಕೊಟ್ಟರು. ಅದರಲ್ಲಿ ವಿಶೇಷವೇನು ಎಂದು ಓದುಗರು ಕೇಳಬಹುದು. ನಾಲ್ಕು ತಿಂಗಳಿಂದ ಆ ಶಾಲೆಯಲ್ಲಿ ನನಗೆ ಕುರ್ಚಿ ಕೊಟ್ಟಿದ್ದರು, ಚಹಾ ಕೊಟ್ಟಿದ್ದರು, ಹೊಗಳಿಕೆಯನ್ನಂತೂ ಧಾರಾಳವಾಗಿ ಕೊಟ್ಟಿದ್ದರು. ಕೆಲಸದ ಪಾಲನ್ನು ಕೊಟ್ಟಿರಲಿಲ್ಲ. ಅತಿಥಿಯ ಕೈಗೆ ಯಾರೂ ನೆಲ ಒರಸುವ ಬಟ್ಟೆ ಕೊಡುವುದಿಲ್ಲ.

ಅಂದು ಸಂಜೆ ‘ಬೋನೆನ್‌ಕಾಯ್’. ವರ್ಷವನ್ನು ಮರೆಯುವ ಕೂಟ ಎಂದು ಆ ಪದದ ಅರ್ಥ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಬಾರದು, ಪಕ್ಕದವರ ಲೋಟ ಬರಿದಾಗದಂತೆ ನೋಡಿಕೊಳ್ಳಬೇಕು ಎಂಬುದು ಅಲ್ಲಿಯ ಮರ್ಯಾದೆ. ನನ್ನ ಲೋಟಕ್ಕೆ ಚಹಾ ಬಿದ್ದೇ ಬಿದ್ದಿತು. ತಟ್ಟೆಯ ಪಾಡೇ ಬೇರೆ. ಜಪಾನೀ ಅಡುಗೆಯ ಜೀವ ‘ದಾಶಿ’ ಎಂಬ ಸಾರಿನಲ್ಲಿದೆ. ಆ ಸಾರಿನ ಜೀವ ಹೊಗೆಯಲ್ಲಿ ಒಣಗಿಸಿ ಹೆರೆದ ಮೀನಿನಲ್ಲಿದೆ. ಸೊಪ್ಪೇ ಇರಲಿ, ಮೂಲಂಗಿಯೇ ಇರಲಿ, ಅದರಲ್ಲೇ ಬೇಯುತ್ತದೆ. ಸಸ್ಯಾಹಾರಿಯಾದ ನಾನು ಅನ್ನ ಮತ್ತು ಉಪ್ಪಿನಕಾಯಿಯೊಡನೆ ಸ್ನೇಹ ಬೆಳೆಸುತ್ತಿದ್ದುದನ್ನು ಆ ಹಿರಿಯ ಉಪಾಧ್ಯಾಯಿನಿ ದೂರದಿಂದ ಗಮನಿಸಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಬೂದುಬಣ್ಣದ ಕಾಗದ

ಹೊಸ ವರ್ಷದ ದಿನ ಜಪಾನಿನ ಅಂಚೆಯವರು ಮಾಡುವ ಕೆಲಸ ಒಂದು ಪವಾಡವೇ ಸರಿ. ಡಿಸೆಂಬರ್ 15ರಿಂದ 25ರೊಳಗೆ ಪೆಟ್ಟಿಗೆಗೆ ಹಾಕಿದ ಶುಭಾಶಯದ ಕಾರ್ಡುಗಳನ್ನೆಲ್ಲ ಹಿಡಿದಿಟ್ಟುಕೊಂಡು ಜನವರಿ 1ರ ಬೆಳಿಗ್ಗೆ ಮನೆಮನೆಗೂ ಒಟ್ಟಿಗೆ ಮುಟ್ಟಿಸುತ್ತಾರೆ. ‘ನೆಂಗಾಜೋ’ ಎಂಬ ಈ ಕಾರ್ಡಿನಲ್ಲಿ ಲಾಟರಿಯ ಸಂಖ್ಯೆಯೂ ಇರುತ್ತದೆ. ಆ ಪದ್ಧತಿ 1949ರಲ್ಲಿ ಮೊದಲಾಯಿತು. 2024ರ ಅಕ್ಟೋಬರಿನಲ್ಲಿ ಕಾರ್ಡಿನ ಬೆಲೆ 63 ಯೆನ್‌ನಿಂದ 85ಕ್ಕೆ ಏರಿತು. ಬರೆಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಇದಕ್ಕೆ ಮುಂಚೆಯೇ, ಡಿಸೆಂಬರಿನ ಆರಂಭದಲ್ಲಿ, ಇನ್ನೊಂದು ಬಗೆಯ ಕಾಗದ ಬರುತ್ತದೆ. ಬಣ್ಣ ಬೂದು, ಮಾತು ಮಿತ. ನಮ್ಮ ಮನೆಯಲ್ಲಿ ಈ ವರ್ಷ ಸಾವಾಗಿದೆ, ಆದುದರಿಂದ ಹೊಸ ವರ್ಷದ ಶುಭಾಶಯ ಹೇಳಲಾರೆವು ಎಂದು ಅದರ ತಾತ್ಪರ್ಯ. ಅಂಥದೊಂದು ಕಾಗದ ಆ 2024ರ ಡಿಸೆಂಬರಿನಲ್ಲಿ ನನಗೂ ಬಂದಿತ್ತು. ಕಳುಹಿಸಿದವರು ಆ ಹಿರಿಯ ಉಪಾಧ್ಯಾಯಿನಿಯೇ. ಬೇಸಿಗೆಯಲ್ಲಿ, ನಾನು ಆ ಊರಿಗೆ ಬರುವ ಮೊದಲೇ, ಅವರ ಯಜಮಾನರು ತೀರಿಕೊಂಡಿದ್ದರು. ಸಾವಾದ ವರ್ಷ ಹಬ್ಬವಿಲ್ಲ ಎಂಬ ಮಾತನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ವರ್ಷ ನಮ್ಮ ಮನೆಗಳಲ್ಲಿ ಹೋಳಿಗೆಯ ಪರಿಮಳವಿರುವುದಿಲ್ಲ; ನೆರೆಹೊರೆಯವರೂ ಹಬ್ಬದ ಮಾತೆತ್ತದೆ ಸುಮ್ಮನೆ ಬಂದು ಕುಳಿತು ಹೋಗುತ್ತಾರೆ.

ಸರ್ಕಾರಿ ಕಚೇರಿಗಳಿಗೆ ಡಿಸೆಂಬರ್ 29ರಿಂದ ಜನವರಿ 3ರವರೆಗೆ ರಜೆ. ಹಿಂದು ಮುಂದಿನ ಶನಿವಾರ ಭಾನುವಾರಗಳೂ ಕೂಡಿ ಆ ಸಲ ಒಂಬತ್ತು ದಿನಗಳಾಗಿದ್ದವು. ನನ್ನಂಥ ಶಿಕ್ಷಕರು ಅನೇಕರು ತಮ್ಮ ದೇಶಗಳಿಗೆ ಹಾರಿದ್ದರು. ವಿಮಾನದ ದರ ನೋಡಿ ನಾನು ಉಳಿದಿದ್ದೆ. ರಜೆಯ ಹಿಂದಿನ ಸಂಜೆ ಉಪಾಧ್ಯಾಯರ ಕೊಠಡಿಯಲ್ಲಿ ಅವರು ನನ್ನ ಮೇಜಿನ ಬಳಿ ಬಂದರು.

“ಸೆನ್ಸೇ, ನಮ್ಮ ಮನೆಗೆ ಈ ವರ್ಷ ಹಬ್ಬವಿಲ್ಲ. ಹಬ್ಬವಿದ್ದಿದ್ದರೆ ನೆಂಟರು, ಉಪಚಾರ, ನೂರು ನಿಯಮ. ನಿಮ್ಮನ್ನು ಕರೆದು ಕಷ್ಟಕ್ಕೀಡುಮಾಡುತ್ತಿರಲಿಲ್ಲ. ಮೂವತ್ತೊಂದರ ರಾತ್ರಿ ಸೋಬಾ ಮಾತ್ರ ಮಾಡುತ್ತೇನೆ. ಬರಲು ನಿಮಗೆ ಅಡ್ಡಿಯಿಲ್ಲವಷ್ಟೆ?”

ಮೇಷ್ಟರನ್ನು ‘ಸೆನ್ಸೇ’ ಎನ್ನುವುದು ಅಲ್ಲಿಯ ವಾಡಿಕೆ. ತಾಯಿಯ ವಯಸ್ಸಿನವರು ನನ್ನನ್ನು ಹಾಗೆ ಕರೆದಾಗ ಸಂಕೋಚವಾಗುತ್ತಿತ್ತು. “ನಮ್ಮ ಕಡೆಯೂ ಇದೇ ಪದ್ಧತಿ, ಸೆನ್ಸೇ. ಬರುತ್ತೇನೆ” ಎಂದೆ.

ನೂರೆಂಟು ಪೆಟ್ಟು

ಬೇರೆ ಮನೆಗಳ ಬಾಗಿಲಲ್ಲಿ ಪೈನ್ ಕೊಂಬೆಗಳೂ ಹುಲ್ಲಿನ ಹಗ್ಗದ ತೋರಣಗಳೂ ಇದ್ದವು. ಆ ಬಾಗಿಲು ಬರಿದಾಗಿತ್ತು. ಒಳಗೆ ಬುದ್ಧನ ಪೂಜೆಯ ಗೂಡಿನಲ್ಲಿ ಯಜಮಾನರ ಚಿತ್ರ, ಒಂದು ಬಟ್ಟಲು ಅನ್ನ, ದೀಪ. ಬರಿಗೈಯಲ್ಲಿ ಹೋಗಬಾರದೆಂದು ನಾನು ಊರಿನಿಂದ ತಂದಿದ್ದ ಶ್ರೀಗಂಧದ ಊದುಬತ್ತಿಯನ್ನು ಒಯ್ದಿದ್ದೆ. ಮೈಸೂರಿನ ಗಂಧಕ್ಕೆ ಜಪಾನಿನ ಧೂಪ ತಯಾರಕರಲ್ಲಿ ಬಹಳ ಹಿಂದಿನಿಂದ ದೊಡ್ಡ ಹೆಸರಿದೆ. ಆದರೆ ಅವರ ಬತ್ತಿಯ ನಡುವೆ ಬಿದಿರಿನ ಕಡ್ಡಿ ಇರುವುದಿಲ್ಲ. ಅದು ಪೂರ್ತಿ ಬೂದಿಯಾಗುತ್ತದೆ. ನಮ್ಮ ಬತ್ತಿ ಉರಿದು ಮುಗಿದ ಮೇಲೆ ಬೂದಿಯ ನಡುವೆ ನೆಟ್ಟಗೆ ನಿಂತಿದ್ದ ಕಡ್ಡಿಯನ್ನು ಅವರು ತುಸು ಹೊತ್ತು ನೋಡಿದರು. “ನಿಮ್ಮದರಲ್ಲಿ ಏನೋ ಉಳಿಯುತ್ತದಲ್ಲ” ಎಂದರು. ಅದನ್ನು ತೆಗೆಯಲಿಲ್ಲ.

ಸೋಬಾ ಎಂದರೆ ಉತ್ತರ ಭಾರತದವರು ಕುಟ್ಟು ಎನ್ನುವ ಧಾನ್ಯದ ಹಿಟ್ಟಿನಿಂದ ಮಾಡಿದ ಶ್ಯಾವಿಗೆ. ಆ ಸೀಮೆಯವರು ಹೊಟ್ಟು ಸಮೇತ ಬೀಸುವುದರಿಂದ ಅದರ ಬಣ್ಣ ಕಪ್ಪು. ವರ್ಷದ ಕೊನೆಯ ರಾತ್ರಿ ಅದನ್ನು ತಿನ್ನುವುದಕ್ಕೆ ಎರಡು ಕಾರಣ ಹೇಳುತ್ತಾರೆ: ಎಳೆ ಉದ್ದವಾದುದರಿಂದ ಆಯುಷ್ಯ ಬೆಳೆಯುತ್ತದೆ, ಸುಲಭವಾಗಿ ತುಂಡಾಗುವುದರಿಂದ ಕಳೆದ ವರ್ಷದ ಕಷ್ಟ ಕಡಿದುಹೋಗುತ್ತದೆ. ಬಟ್ಟಲನ್ನು ಮುಂದಿಟ್ಟು ಅವರು, “ಮೀನಿಲ್ಲ. ಸಮುದ್ರದ ಪಾಚಿ, ಒಣಗಿದ ಅಣಬೆ, ಅಷ್ಟೆ. ದೇವಸ್ಥಾನದ ಅಡುಗೆಯ ಕ್ರಮ” ಎಂದರು. ಅಂದು ಬೆಳಗಿನಿಂದ ನೆನೆಸಿಟ್ಟು ತೆಗೆದ ಸಾರಂತೆ. ನಾನು ಎರಡು ಬಟ್ಟಲು ತಿಂದೆ.

ಊಟವಾದ ಮೇಲೆ ಹೊದಿಕೆ ಹೊದಿಸಿದ ತಗ್ಗು ಮೇಜಿನ ಕೆಳಗೆ ಕಾಲಿಟ್ಟು ಬೆಚ್ಚಗೆ ಕುಳಿತೆವು. ಹನ್ನೆರಡು ಸಮೀಪಿಸಿದಾಗ ಊರ ದೇವಸ್ಥಾನದ ಗಂಟೆ ಮೊಳಗತೊಡಗಿತು. ನೂರೆಂಟು ಪೆಟ್ಟು. ಮನುಷ್ಯನ ಕ್ಲೇಶಗಳು ನೂರೆಂಟು ಎಂಬುದು ಬೌದ್ಧರ ಎಣಿಕೆ. ಒಂದೊಂದು ಪೆಟ್ಟಿಗೂ ಒಂದೊಂದು ತೊಲಗಬೇಕು. ನೂರೆಂಟು ಎಂಬ ಸಂಖ್ಯೆ ಭಾರತದಿಂದ ಬಂದ ನನಗೆ ಅಪರಿಚಿತವೇ? ಜಪಮಾಲೆಯ ಮಣಿಗಳೇ ಅಲ್ಲಿ ಗಂಟೆಯ ಸದ್ದಾಗಿ ಹಿಮದ ಮೇಲೆ ಉರುಳುತ್ತಿದ್ದವು. ಆ ಹೊತ್ತಿನಲ್ಲಿ ಅವರು ಯಜಮಾನರ ಬಗ್ಗೆ ಮೊದಲ ಬಾರಿಗೆ ಮಾತನಾಡಿದರು. ಪ್ರತಿವರ್ಷವೂ ಅವರು ಗಂಟೆ ಎಣಿಸುತ್ತ ಎಣಿಸುತ್ತ ಐವತ್ತರ ಮೊದಲೇ ನಿದ್ದೆ ಹೋಗುತ್ತಿದ್ದರಂತೆ. “ಈ ಸಲ ಎಣಿಸಲು ನೀವಿದ್ದೀರಿ” ಎಂದರು. ಇಬ್ಬರೂ ಕೂಡಿ ಎಣಿಸಿದೆವು. ಲೆಕ್ಕ ನೂರಮೂರಕ್ಕೆ ಮುಗಿಯಿತು. ಗಂಟೆ ಬಾರಿಸುವವನೂ ನಿದ್ದೆಗೆ ಹೋಗಿರಬೇಕೆಂದು ಅವರು ನಕ್ಕರು. ಆ ನಗುವಿನ ಕೊನೆಯಲ್ಲಿ ಕಣ್ಣೊರಸಿಕೊಂಡರು.

ಮರುದಿನ ನನ್ನ ನೆರೆಮನೆಯ ಅಜ್ಜಿ ಒಂದು ಬಟ್ಟಲು ‘ಝೋನಿ’ ತಂದುಕೊಟ್ಟರು. ಅಂಟಕ್ಕಿಯನ್ನು ಕುಟ್ಟಿ ಮಾಡಿದ ಉಂಡೆಯನ್ನು ಸಾರಿನಲ್ಲಿ ಹಾಕುವ ಈ ಹೊಸ ವರ್ಷದ ತಿನಿಸು ಊರಿಗೊಂದು ರೀತಿ. ತೋಕಿಯೊದಲ್ಲಿ ಅದು ದಾಶಿಯ ಸಾರು. ಆ ಕರಾವಳಿಯ ಹಲವು ಮನೆಗಳಲ್ಲಿ ಕೆಂಪು ಕಾಳಿನ ಸಿಹಿ. ನಾಲಿಗೆಗೆ ಪಾಯಸವೇ. ಮೀನಿನ ಭಯವಿಲ್ಲದೆ ಹೊಸ ವರ್ಷದ ಮೊದಲ ತುತ್ತು ನನಗೆ ಅಲ್ಲಿ ದೊರೆಯಿತು.

ಜನವರಿ 6ರಂದು ಶಾಲೆಯ ಬಾಗಿಲು ತೆರೆಯಿತು. ಉಪಾಧ್ಯಾಯರ ಕೊಠಡಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬಾಗಿ, ‘ಅಕೆಮಶಿತೆ ಒಮೆದೆತೋ’, ಹೊಸ ವರ್ಷದ ಶುಭಾಶಯ, ಎನ್ನುತ್ತಿದ್ದರು. ಆ ಮಾತನ್ನು ನಾನು ನವೆಂಬರಿನಿಂದಲೇ ಅಭ್ಯಾಸ ಮಾಡಿದ್ದೆ. ಮುಖ್ಯೋಪಾಧ್ಯಾಯರಿಗೆ ಹೇಳಿ ಶಹಭಾಸ್‌ಗಿರಿಯನ್ನೂ ಪಡೆದೆ. ಪರನಾಡಿನ ಹಬ್ಬದ ಮಾತನ್ನು ಕಲಿಯುವುದು ಕಷ್ಟವಲ್ಲ. ಅದನ್ನು ಯಾರ ಎದುರಿಗೆ ಆಡಬಾರದು ಎಂಬುದನ್ನು ತಿಳಿಯಲು ಮಾತ್ರ ಯಾರದಾದರೂ ಮನೆಯ ಹೊಸ್ತಿಲು ದಾಟಿರಬೇಕು. ಹಿರಿಯ ಉಪಾಧ್ಯಾಯಿನಿ ಒಳಬಂದಾಗ ನಾನು ಶುಭಾಶಯ ಹೇಳಲಿಲ್ಲ. ಬಾಗಿ, “ಈ ವರ್ಷವೂ ನಿಮ್ಮ ವಿಶ್ವಾಸವಿರಲಿ” ಎಂದಷ್ಟೇ ಅಂದೆ. ಅವರೂ ಬಾಗಿದರು. ಆಮೇಲೆ ತಮ್ಮ ಚೀಲದಿಂದ ಒಣ ಅಣಬೆಯ ಪೊಟ್ಟಣವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟು, ಮೊದಲ ಪಿರಿಯಡ್ಡಿಗೆ ಹೊರಟರು.