ಕೊನೆಯ ಸಾಲಿನವರು

ಏಳು ಜನ ಕೂರುವ ಗಾಡಿ ಕೊಳ್ಳಲು ಹೋದವರು ಮೊದಲು ತೆಗೆಯುವುದು ಡ್ರೈವರ್ ಬಾಗಿಲನ್ನು. ಸ್ಟೇರಿಂಗ್ ಹಿಡಿದು ನೋಡುತ್ತಾರೆ, ದೊಡ್ಡ ಪರದೆಯ ಮೇಲೆ ಬೆರಳಾಡಿಸುತ್ತಾರೆ, ಸನ್‌ರೂಫ್ ಸರಿಸಿ ಮೇಲೆ ನೋಡುತ್ತಾರೆ. ಹಿಂದಿನ ಸೀಟಿನ ಹತ್ತಿರ ಹೋಗುವ ಹೊತ್ತಿಗೆ ಮನಸ್ಸು ತೀರ್ಮಾನ ಮಾಡಿ ಆಗಿರುತ್ತದೆ. ಈ ಕ್ರಮ ತಿರುಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮೂರು ಸಾಲಿನ ಗಾಡಿಯನ್ನು ಕೊನೆಯ ಸಾಲಿನಿಂದ ನೋಡುತ್ತ ಮುಂದಕ್ಕೆ ಬರಬೇಕು. ಎರಡು ಸಾಲು ಚೆನ್ನಾಗಿರುವ ಗಾಡಿ ಅರ್ಧ ಬೆಲೆಗೂ ಸಿಗುತ್ತದೆ. ಮೇಲೆ ಹಾಕುವ ಹಣ ಆ ಮೂರನೆಯ ಸಾಲಿಗಾಗಿ ತಾನೆ?

ತೊಗರ್ಸಿಯ ನಮ್ಮ ಮನೆಯಲ್ಲಿ ಹೊರಟರೆ ಎಲ್ಲರೂ ಒಟ್ಟಿಗೆ ಹೊರಡುವುದು. ಅವ್ವ, ದೊಡ್ಡಪ್ಪ, ದೊಡ್ಡವ್ವ, ತಮ್ಮ, ಅವನ ಹೆಂಡತಿ, ಅವರ ಮಗ, ಶಿವಮೊಗ್ಗದಿಂದ ಹೋಗಿ ಬಂದು ಮಾಡುವ ನಾನು. ನಮ್ಮ ತಾಲ್ಲೂಕು ಶಿಕಾರಿಪುರಕ್ಕೆ ಇನ್ನೂ ರೈಲು ಬಂದಿಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗದ ಕೆಲಸ ನಡೆಯುತ್ತಲೇ ಇದೆ. ಸಂತೆ ವ್ಯಾಪಾರಕ್ಕೆ ಶಿರಾಳಕೊಪ್ಪ, ಆಸ್ಪತ್ರೆಗೆ ಶಿವಮೊಗ್ಗ, ಮದುವೆ ಬಟ್ಟೆಗೆ ರಾಣೆಬೆನ್ನೂರು, ಹರಕೆಗೆ ಚಂದ್ರಗುತ್ತಿ, ಸಿಗಂದೂರು, ಧರ್ಮಸ್ಥಳ. ಎಲ್ಲಿಗೆ ಹೋದರೂ ರಸ್ತೆಯೇ ಗತಿ.

ಗಾಡಿ ಹತ್ತುವಾಗ ಯಾರು ಎಲ್ಲಿ ಕೂರಬೇಕು ಎಂದು ಯಾರೂ ಹೇಳುವುದಿಲ್ಲ. ದೊಡ್ಡಪ್ಪ ಮುಂದೆ. ಕಾಲುನೋವಿನವರು, ವಯಸ್ಸಾದವರು ನಡುವೆ. ಉಳಿದದ್ದು ತಮ್ಮನ ಹೆಂಡತಿಗೆ, ಹುಡುಗನಿಗೆ, ಜೊತೆಗೆ ಹಣ್ಣುಕಾಯಿ ಬುಟ್ಟಿ, ಬುತ್ತಿಯ ಡಬ್ಬಿ, ನೀರಿನ ಕ್ಯಾನು. ಆಕೆ ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತಿದ್ದಾಳೆ. ಅದಕ್ಕೂ ಮುಂಚೆ ಅಲ್ಲಿ ಕೂರುತ್ತಿದ್ದವಳು ಅವ್ವ. ನಮ್ಮ ಕಡೆಯ ಯಾವ ಮನೆಯ ಗಾಡಿಯನ್ನು ತೆಗೆದುಕೊಂಡರೂ ಹಿಂದಿನ ಸೀಟಿನಲ್ಲಿ ಕಾಣುವವರು ಸೊಸೆಯಂದಿರು, ಮಕ್ಕಳು, ಗಂಡನ ಮನೆ ಬಿಟ್ಟು ಬಂದು ಉಳಿದ ಅತ್ತೆಯರು. ಬೇಕು ಬೇಡ ಹೇಳದ ಜನ.

ಅವರ ಪಾಡು ಹಿಂದೆ ಇನ್ನೂ ಕಷ್ಟದ್ದಿತ್ತು. ಟ್ರ್ಯಾಕ್ಸ್ ಗಾಡಿಯಲ್ಲಿ ಹಿಂದಿನವರು ಎದುರುಬದುರು ಬೆಂಚಿನ ಮೇಲೆ ಅಡ್ಡಕ್ಕೆ ಕೂರಬೇಕಿತ್ತು. 1994ರಲ್ಲಿ ಟಾಟಾ ಸುಮೊ ಬಂದಾಗ ಊರಿಗೆ ದೊಡ್ಡ ಗಾಡಿ ಬಂತು ಎಂಬ ಸಂಭ್ರಮವೇನೋ ಆಯಿತು, ಆದರೆ ಅದರ ಹಿಂದೆಯೂ ಅಡ್ಡ ಸೀಟೇ. ಮದುವೆ ದಿಬ್ಬಣದಲ್ಲಿ ಅಲ್ಲಿ ಕೂತವರ ಮೊಣಕಾಲು ಒಬ್ಬರದೊಬ್ಬರಿಗೆ ತಾಗಿ, ಗುಂಡಿ ಬಂದಾಗಲೆಲ್ಲ ತಲೆ ಪಕ್ಕದ ಗಾಜಿಗೆ ಬಡಿಯುತ್ತಿತ್ತು. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೊಟಾ ಕಂಪನಿಯ ಕ್ವಾಲಿಸ್ ಬಂತು. 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಇನ್ನೋವಾದಲ್ಲಿ ಕೊನೆಯ ಸಾಲಿನವರೂ ಮುಂದಕ್ಕೆ ಮುಖ ಮಾಡಿ, ಬೆನ್ನು ಒರಗಿಸಿ ಕೂತರು. ಬಾಡಿಗೆ ಗಾಡಿಯವರಿಂದ ಹಿಡಿದು ಮಂತ್ರಿಗಳವರೆಗೆ ಅದು ಹಬ್ಬಿದ್ದರ ಕಾರಣಗಳಲ್ಲಿ ಇದೂ ಒಂದು ಎಂಬುದು ನನ್ನ ನಂಬಿಕೆ. ಎಂಜಿನ್ನಿನ ಗಟ್ಟಿತನದ ಮಾತು ಎಲ್ಲರೂ ಆಡುತ್ತಾರೆ, ಈ ಮಾತು ಯಾರೂ ಆಡುವುದಿಲ್ಲ.

ಈ ಸಲ ನಮ್ಮ ಮುಂದೆ ಇದ್ದವು ಎರಡು: ಟೊಯೊಟಾ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್, ಮಹೀಂದ್ರಾ ಎಕ್ಸ್‌ಯುವಿ700ನ ಡೀಸೆಲ್. ದೊಡ್ಡಪ್ಪ ಮೂರನೆಯದೊಂದನ್ನು ಎಳೆದು ತಂದರು, ಇನ್ನೋವಾ ಕ್ರಿಸ್ಟಾ. "ಚಾಸಿ ಇಲ್ಲದ ಗಾಡಿ ನಮ್ಮ ದಾರಿಗೆ ತಡೀತೈತೇನೋ?" ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ತೂಕವಿದೆ. ಕ್ರಿಸ್ಟಾ ಏಣಿಯಂಥ ಉಕ್ಕಿನ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ. ಎಂಜಿನ್ನಿನ ಬಲ ಉದ್ದದ ಶಾಫ್ಟಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಹೊರೆಗೆ, ಹೊಡೆತಕ್ಕೆ ಅದು ಜಗ್ಗುವುದಿಲ್ಲ. ಆದರೆ ಆ ಚಾಸಿ, ಆ ಶಾಫ್ಟು ಎಲ್ಲ ಕಾಲಡಿಯೇ ಇರುವುದರಿಂದ ಒಳಗಿನ ನೆಲ ಎತ್ತರವಾಗುತ್ತದೆ, ಹತ್ತುವುದು ಕಷ್ಟ. ಹೈಕ್ರಾಸ್, ಎಕ್ಸ್‌ಯುವಿ ಎರಡರಲ್ಲೂ ಬಾಡಿಯೇ ಚಾಸಿ. ನಿಂತ ಜಾಗದಲ್ಲೇ ಅವ್ವ ಸೀರೆ ಎತ್ತಿ ಹಿಡಿಯದೆ ಒಳಗೆ ಕಾಲಿಟ್ಟದ್ದನ್ನು ನೋಡಿದ ಮೇಲೆ ದೊಡ್ಡಪ್ಪ ಕ್ರಿಸ್ಟಾದ ಮಾತು ಬಿಟ್ಟರು.

ತಮ್ಮನಿಗೆ ಎಕ್ಸ್‌ಯುವಿ ಮೇಲೆ ಮನಸ್ಸು. ಅದರಲ್ಲಿ ತಪ್ಪೇನಿಲ್ಲ, ಆ ಗಾಡಿ ಬಲವಾದದ್ದು. 2.2 ಲೀಟರಿನ ಡೀಸೆಲ್ ಎಂಜಿನ್ನು 185 ಅಶ್ವಶಕ್ತಿ ಕೊಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎಳೆಯುವ ಬಲ 450 ನ್ಯೂಟನ್ ಮೀಟರ್. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗುವಾಗ ಮೆಕ್ಕೆಜೋಳದ ಲಾರಿ ಹಿಂದೆ ಹಾಕಬೇಕಾದರೆ ಆ ಬಲದ ಬೆಲೆ ತಿಳಿಯುತ್ತದೆ. ಬೇಕೆಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿಯೂ ಇತ್ತು. ಶುಂಠಿ ಹೊಲದ ಕೆಸರಿನಲ್ಲಿ ಗಾಡಿ ಸಿಕ್ಕಿಬಿದ್ದದ್ದನ್ನು ಕಂಡವರು ಇದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದ ಗಾಡಿ ಅದು. ಹೈಕ್ರಾಸ್‌ಗೂ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಸಿಕ್ಕಿದೆ. ಹಾಗಾಗಿ ಸುರಕ್ಷತೆಯ ವಿಷಯದಲ್ಲಿ ಚರ್ಚೆ ಬೆಳೆಯಲಿಲ್ಲ.

ಚರ್ಚೆ ಬೆಳೆದದ್ದು ಹಿಂದಿನ ಸಾಲಿಗೆ ಹೋದ ಮೇಲೆ. ಎರಡು ಶೋರೂಮಿನಲ್ಲೂ ತಮ್ಮನ ಹೆಂಡತಿಯನ್ನೇ ಮೊದಲು ಕೊನೆಯ ಸೀಟಿಗೆ ಹತ್ತಿಸಿದೆ. ಆಮೇಲೆ ನಾನೂ ಹತ್ತಿದೆ. ಹೊರಗಿನಿಂದ ಎರಡರ ಉದ್ದದಲ್ಲಿ ಹೆಚ್ಚು ಅಂತರವಿಲ್ಲ, ಹೈಕ್ರಾಸ್ 4755 ಮಿಲಿಮೀಟರ್, ಎಕ್ಸ್‌ಯುವಿ 4695. ಆದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ಅಳತೆ ಹೈಕ್ರಾಸ್‌ನಲ್ಲಿ 2850, ಎಕ್ಸ್‌ಯುವಿಯಲ್ಲಿ 2750. ಕಾಗದದ ಮೇಲೆ ಹತ್ತು ಸೆಂಟಿಮೀಟರ್ ಅಷ್ಟೆ. ಆ ಹತ್ತು ಸೆಂಟಿಮೀಟರ್ ಕಡೆಗೆ ಹೋಗಿ ಸೇರುವುದು ಹಿಂದಿನವರ ಮೊಣಕಾಲಿನ ಮುಂದೆ.

ಕೊನೆಯ ಸಾಲಿನಲ್ಲಿ ನೋಡಬೇಕಾದದ್ದು ಮೂರು ಜಾಗ. ಕೂತಾಗ ತೊಡೆ ಸೀಟಿನ ಮೇಲೆ ಒರಗುತ್ತದೋ, ಇಲ್ಲ ಮಂಡಿ ಎದೆಯತ್ತ ಏರಿ ತೊಡೆ ಗಾಳಿಯಲ್ಲಿ ನಿಲ್ಲುತ್ತದೋ ಎಂಬುದು ಒಂದು; ನೆಲಕ್ಕೂ ಸೀಟಿಗೂ ಅಂತರ ಕಡಿಮೆಯಾದರೆ ಮೊದಲ ಅರ್ಧ ಗಂಟೆ ಏನೂ ಅನ್ನಿಸುವುದಿಲ್ಲ, ಆನಂದಪುರ ದಾಟುವ ಹೊತ್ತಿಗೆ ಸೊಂಟ ಮಾತಾಡುತ್ತದೆ. ಮುಂದಿನ ಸೀಟಿನ ಕೆಳಗೆ ಪಾದ ಚಾಚಲು ಸಂದು ಇದೆಯೋ ಎಂಬುದು ಇನ್ನೊಂದು. ಮೂರನೆಯದು ಕಿಟಕಿ. ಎಕ್ಸ್‌ಯುವಿಯ ಕೊನೆಯ ಸಾಲು ಇಬ್ಬರದು, ಬೆಳೆಯುವ ಮಕ್ಕಳಿಗೆ ಅದು ಸಾಕು, ಎಸಿ ಗಾಳಿಯೂ ಅಲ್ಲಿಗೆ ಬರುತ್ತದೆ. ಹೈಕ್ರಾಸ್‌ನದು ಮೂವರ ಸಾಲು. ಮೂವರು ದೊಡ್ಡವರಿಗೆ ಇಕ್ಕಟ್ಟೇ, ಇಬ್ಬರು ದೊಡ್ಡವರು ಒಬ್ಬ ಹುಡುಗ ಆದರೆ ಆರಾಮ, ಬೆನ್ನನ್ನು ಹಿಂದಕ್ಕೆ ಬಾಗಿಸಿಕೊಳ್ಳಲೂ ಬರುತ್ತದೆ.

"ಭಾವ, ಹೊರಗೆ ಕಾಣ್ತೈತಿ, ನನಗೆ ಅಷ್ಟು ಸಾಕು" ಅಂದಳು ತಮ್ಮನ ಹೆಂಡತಿ, ಅಲ್ಲಿ ಕೂತು.

ಈ ಮಾತಿನ ಹಿಂದೆ ಎಷ್ಟು ಪ್ರಯಾಣಗಳ ಸಂಕಟ ಇದೆ ಎಂದು ನನಗೆ ಗೊತ್ತು. ಘಾಟಿಯಲ್ಲಿ ವಾಂತಿಯಾಗುವುದು ಹೊಟ್ಟೆಯ ದೋಷವಲ್ಲ. ಒಳಕಿವಿಗೆ ತಿರುವು ತಿಳಿಯುತ್ತಿರುತ್ತದೆ, ಕಣ್ಣಿಗೆ ಕಾಣುತ್ತಿರುವುದು ಮುಂದಿನ ಸೀಟಿನ ಅಲುಗದ ಬೆನ್ನು. ಎರಡೂ ಒಂದಕ್ಕೊಂದು ಹೊಂದದೆ ತಲೆ ತಿರುಗುತ್ತದೆ. ಮುಂದೆ ಕೂತವರಿಗೆ ರಸ್ತೆ ಕಾಣುವುದರಿಂದ ಅವರ ಮೈ ತಿರುವಿಗೆ ಮೊದಲೇ ಸಿದ್ಧವಾಗಿರುತ್ತದೆ. ಇದರ ಮೇಲೆ ಹಿಂದಿನ ಸಾಲು ಇರುವುದು ಹಿಂದಿನ ಚಕ್ರದ ಮೇಲೆ, ಇಲ್ಲವೆ ಅದರಾಚೆ. ಹಂಪು ಬಂದಾಗ ಎರಡೂ ಚಕ್ರಗಳ ನಡುವೆ ಕೂತವರು ಸ್ವಲ್ಪ ಏರಿಳಿದರೆ, ಕೊನೆಯವರು ಏತದ ತುದಿಯಲ್ಲಿದ್ದಂತೆ ಎದ್ದು ಬೀಳುತ್ತಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಕಣ್ಣು ಮುಚ್ಚಿ, ಬಾಯಲ್ಲಿ ನಿಂಬೆಹಣ್ಣಿನ ಸಿಪ್ಪೆ ಇಟ್ಟುಕೊಂಡು ಇಳಿದವಳು ಆಕೆ. ಎರಡು ಚಕ್ರಗಳ ಅಂತರ ಹೆಚ್ಚಿದಷ್ಟೂ ಈ ಎತ್ತಿಹಾಕುವಿಕೆ ಕಡಿಮೆ ಎಂಬುದನ್ನು ಅಳತೆಪಟ್ಟಿ ನೋಡುವವರು ಮರೆಯಬಾರದು.

ಸಿಗಂದೂರಿನ ದಾರಿ ನೆನಪಾಗುತ್ತದೆ. ಹಿನ್ನೀರು ದಾಟಲು ಲಾಂಚ್ ಇದ್ದಾಗ ಅಂಬಾರಗೋಡ್ಲಿನಲ್ಲಿ ಸಾಲು ಹಚ್ಚಿ ಕಾಯಬೇಕಿತ್ತು. ಗಂಡಸರು ಆ ಕಾಯುವಿಕೆಗೆ ಗೊಣಗುತ್ತಿದ್ದರು, ಹಿಂದಿನ ಸೀಟಿನವರು ಇಳಿದು ಕಾಲು ಬಿಡಿಸಿಕೊಂಡು, ಮುಖ ತೊಳೆದು, ನೀರಿನ ಮೇಲಿನ ಗಾಳಿಗೆ ನಿಲ್ಲುತ್ತಿದ್ದರು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನಾಚೆಯ ಜನ ದಶಕಗಳಿಂದ ಕಾದ ಸೇತುವೆ, ಅದು ಬಂದದ್ದು ದೊಡ್ಡ ಸಂಗತಿ. ಈಗ ನಾವು ಇಳಿಯದೆಯೇ ದಾಟುತ್ತೇವೆ. ಆದ್ದರಿಂದ ಆ ನಿಲುಗಡೆಯನ್ನು ನಾವೇ ಮಾಡಿಕೊಡಬೇಕು, ಮತ್ತು ಇಳಿಯುವುದು ಸುಲಭವಾಗಿರಬೇಕು.

ಇಳಿಯುವ ವಿಷಯವೇ ನನ್ನ ಮನಸ್ಸನ್ನು ಒಂದು ಕಡೆ ನಿಲ್ಲಿಸಿತು. ಏಳು ಸೀಟಿನ ಎಕ್ಸ್‌ಯುವಿಯಲ್ಲಿ ನಡುವಿನ ಸಾಲು ಮೂವರ ಬೆಂಚು. ಅದರ ಎಡತುದಿಯ ಸೀಟು ಮಡಚಿ ಮುಂದಕ್ಕೆ ಮಗುಚುತ್ತದೆ, ಒಂದೇ ಎಳೆತ. ಆದರೆ ಮಗುಚಬೇಕಾದರೆ ಅಲ್ಲಿ ಕೂತ ದೊಡ್ಡವ್ವ ಮೊದಲು ಇಳಿಯಬೇಕು. ಮೊಣಕಾಲು ನೋವಿನ ದೊಡ್ಡವ್ವನನ್ನು ಇಳಿಸುವುದಕ್ಕೆ ಸಂಕೋಚಪಟ್ಟು ಎಷ್ಟೋ ಸಲ ಹಿಂದಿನವರು ಇಳಿಯುವುದೇ ಇಲ್ಲ. ಬಾಯಾರಿದರೂ, ಶೌಚಕ್ಕೆ ಹೋಗಬೇಕಿದ್ದರೂ ಊರು ಬರಲಿ ಎಂದು ತಡೆದುಕೊಳ್ಳುತ್ತಾರೆ. ಏಳು ಸೀಟಿನ ಹೈಕ್ರಾಸ್‌ನಲ್ಲಿ ನಡುವಿನ ಸಾಲಿನಲ್ಲಿ ಎರಡು ಬಿಡಿ ಕುರ್ಚಿ, ಅವುಗಳ ನಡುವೆ ಹಾದುಬರಲು ಜಾಗ. ಕೊನೆಯ ಸಾಲಿನವಳು ಯಾರನ್ನೂ ಕೇಳದೆ ಎದ್ದು ಬರಬಹುದು. ಐಷಾರಾಮಿ ಗಾಡಿ ಎನ್ನುವಾಗ ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸಲಾರೆ. ಇಂಥ ಆಸನಕ್ರಮ ಎಕ್ಸ್‌ಯುವಿಯ ಆರು ಸೀಟಿನ ಮಾದರಿಯಲ್ಲೂ ಇತ್ತು, ಆದರೆ ನಮ್ಮಲ್ಲಿ ಆರು ಸೀಟಿಗೆ ಒಬ್ಬರು ಹೆಚ್ಚು.

ಸಾಮಾನಿನ ಜಾಗದ ವಿಷಯದಲ್ಲಿ ಯಾವ ಗಾಡಿಯೂ ಉದಾರಿಯಲ್ಲ. ಎಲ್ಲ ಸೀಟು ಎತ್ತಿಟ್ಟಾಗ ಹೈಕ್ರಾಸ್‌ನ ಡಿಕ್ಕಿಯಲ್ಲಿ ಉಳಿಯುವುದು 300 ಲೀಟರ್, ಎಕ್ಸ್‌ಯುವಿಯಲ್ಲಿ ಅದಕ್ಕೂ ಕಡಿಮೆ. ತೊಗರ್ಸಿಯಿಂದ ಶಿವಮೊಗ್ಗಕ್ಕೆ ಹೊರಟರೆ ಅರ್ಧ ಚೀಲ ಅಕ್ಕಿ, ತೆಂಗಿನಕಾಯಿ, ಕಾಲಕ್ಕೆ ತಕ್ಕಂತೆ ಹಲಸು, ಸೌತೆ. ಡಿಕ್ಕಿಗೆ ಹಿಡಿಯದ್ದು ಬಂದು ಕೂರುವುದು ಹಿಂದಿನವರ ಕಾಲಬುಡದಲ್ಲಿ. ಅದಕ್ಕೇ ಈ ಲೀಟರಿನ ಲೆಕ್ಕವನ್ನೂ ನಾನು ಕೊನೆಯ ಸಾಲಿನ ಖಾತೆಗೇ ಬರೆಯುತ್ತೇನೆ.

ಹಣದ ಮಾತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾಗಿ, ಸೆಸ್ ಹೋಗಿ, ದೊಡ್ಡ ಡೀಸೆಲ್, ಹೈಬ್ರಿಡ್ ಗಾಡಿಗಳಿಗೆಲ್ಲ ಶೇ 40ರ ಒಂದೇ ದರವಾಯಿತು. ಹೈಬ್ರಿಡ್ ಮೊದಲೇ ಶೇ 43ರಲ್ಲಿತ್ತು, ಅದಕ್ಕೆ ಇಳಿಕೆ ಸ್ವಲ್ಪ. ಡೀಸೆಲ್ ಗಾಡಿಗೆ ಇಳಿಕೆ ಜಾಸ್ತಿ. ಎಕ್ಸ್‌ಯುವಿ ಕಡಿಮೆ ಬೆಲೆಯ ಗಾಡಿಯಾಗಿಯೇ ಉಳಿಯಿತು, ಅಂತರ ಇನ್ನಷ್ಟು ಹೆಚ್ಚಿತು. ಇದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ, 20 ಲಕ್ಷ ದಾಟಿದ ಗಾಡಿಗೆ ಶೇ 18. ಇಪ್ಪತ್ತೈದು ಲಕ್ಷದ ಗಾಡಿಯಾದರೆ ನಾಲ್ಕೂವರೆ ಲಕ್ಷ ಬರೀ ಅದಕ್ಕೆ, ಅದರ ಮೇಲಿನ ರಾಜ್ಯದ ಸೆಸ್ ಬೇರೆ. ರಾಶಿ ಅಡಿಕೆ ಮಾರಿದ ದುಡ್ಡನ್ನು ಎಣಿಸಿ ಇಟ್ಟವರಿಗೆ ಈ ಅಂಕಿ ಕಣ್ಣಿಗೆ ಹೊಡೆಯುತ್ತದೆ. ತಮ್ಮನ ವಾದ ಇಲ್ಲಿ ಗಟ್ಟಿಯಾಗಿತ್ತು.

ನಾನು ಕೊಟ್ಟ ಉತ್ತರ ಓಡಾಟದ ರೀತಿಯದ್ದು. ನಮ್ಮ ದಿನದ ಓಡಾಟ ಶಿರಾಳಕೊಪ್ಪಕ್ಕೆ ಹೋಗಿ ಬರುವಷ್ಟೆ, ಎಂಜಿನ್ನು ಬಿಸಿಯಾಗುವ ಹೊತ್ತಿಗೆ ಊರು ಬಂದಿರುತ್ತದೆ. ಬಿಎಸ್6 ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಚಿಕ್ಕ ಓಡಾಟವೇ ಆದರೆ ಕಟ್ಟಿಕೊಳ್ಳುತ್ತದೆ. ಹೈಬ್ರಿಡ್‌ಗೆ ಚಿಕ್ಕ ಓಡಾಟವೇ ಒಗ್ಗುವುದು. ನಿಧಾನಕ್ಕೆ ಹೋಗುವಾಗ ಬ್ಯಾಟರಿಯಲ್ಲೇ ಓಡುತ್ತದೆ, ಘಾಟಿ ಇಳಿಯುವಾಗ ಬ್ರೇಕಿನಲ್ಲಿ ಹಾಳಾಗುವ ಶಕ್ತಿ ಬ್ಯಾಟರಿಗೆ ವಾಪಸು ಬರುತ್ತದೆ, ವೈರು ಹಾಕಿ ಚಾರ್ಜ್ ಮಾಡುವ ಗೊಡವೆ ಇಲ್ಲ. ಲೀಟರಿಗೆ 23.24 ಕಿಲೋಮೀಟರ್ ಎಂಬುದು ಪರೀಕ್ಷೆಯ ಅಂಕಿ. ಏಳು ಜನ ತುಂಬಿ ಘಾಟಿ ಹತ್ತಿದರೆ ಅಷ್ಟು ಬರುವುದಿಲ್ಲ. ಅದಕ್ಕೆ ಬೇಕಾದ ಪೆಟ್ರೋಲು ನೂರು ರೂಪಾಯಿ ದಾಟಿದೆ ಎಂಬುದೂ ನಿಜ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುವುದರಿಂದ, ಅದು ಕೆಟ್ಟರೆ ಏನು ಗತಿ ಎಂಬ ದೊಡ್ಡಪ್ಪನ ಆತಂಕ ಸ್ವಲ್ಪ ಇಳಿಯಿತು.

ಹೈಕ್ರಾಸ್ ಬುಕ್ ಮಾಡಿದೆವು, ಬಿಡಿ ಕುರ್ಚಿಯ ಏಳು ಸೀಟಿನದು. ತಮ್ಮ ಒಪ್ಪಿದ್ದು ಹೆಂಡತಿಯ ಪಕ್ಕದಲ್ಲಿ ಹಿಂದೆ ಕೂತು ಶೋರೂಮಿನಿಂದ ಒಂದು ಸುತ್ತು ಹೋಗಿ ಬಂದ ಮೇಲೆ. ಅಷ್ಟು ವರ್ಷದ ಸಂಸಾರದಲ್ಲಿ ಆತ ಗಾಡಿಯಲ್ಲಿ ಆಕೆಯ ಪಕ್ಕ ಕೂತದ್ದು ಅಪರೂಪ, ಸದಾ ಸ್ಟೇರಿಂಗ್ ಅವನ ಕೈಯಲ್ಲೇ. ದೊಡ್ಡಪ್ಪನದು ಒಂದೇ ತಕರಾರು ಉಳಿದಿದೆ. ಈ ಗಾಡಿಯ ಬುಡಕ್ಕೂ ನೆಲಕ್ಕೂ ಇರುವುದು 185 ಮಿಲಿಮೀಟರ್, ತೋಟದ ದಾರಿಯಲ್ಲಿ ಟ್ರ್ಯಾಕ್ಟರಿನ ಚಕ್ರ ಕೊರೆದ ಹಳ್ಳದ ನಡುವಿನ ದಿಂಡು ಅದಕ್ಕಿಂತ ಎತ್ತರ. ಗಾಡಿ ಬರುವುದರೊಳಗೆ ಅಲ್ಲಿಗೆ ಗ್ರಾವೆಲ್ ಹೊಡೆಸಬೇಕು ಎಂದು ತಮ್ಮನಿಗೆ ಹೇಳಿದ್ದೇನೆ. ಟಿಪ್ಪರಿನವನ ಹತ್ತಿರ ಮಾತಾಡುತ್ತೇನೆ ಅಂದಿದ್ದಾನೆ.