ಕಪ್ಪೆ ಕೊಯ್ದವರು

ನಾವು ಹಟ್ಟಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಯವರು. ಪಿಯುಸಿಯಲ್ಲಿ ಸೈನ್ಸ್ ತಗೊಂಡೆವು ಅಂದಕೂಡಲೆ ‘ನಮ್ ಹೈಕ್ಳು ಡಾಕ್ಟ್ರಾಯ್ತವೆ’ ಅಂದರು ಹಟ್ಟಿಯೋರು. ಜೀವಶಾಸ್ತ್ರ ಅಂದ್ರೆ ಡಾಕ್ಟ್ರು. ಬೇರೆ ದಾರಿ ಇದ್ದೀತು ಅಂತ ಅವರಿಗೂ ಗೊತ್ತಿರಲಿಲ್ಲ, ನಮಗೂ ಯಾರೂ ಹೇಳಲಿಲ್ಲ. ಮೆಡಿಕಲ್ ಸೀಟು ಸಿಗಲಿಲ್ಲ. ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಅಂತ ಬಿ.ಎಸ್ಸಿ. ಸೇರಿದೆವು.

ಆಗಿನ್ನೂ ಲ್ಯಾಬಿನಲ್ಲಿ ಕಪ್ಪೆ, ಜಿರಲೆ ಕೊಯ್ಯಿಸುತ್ತಿದ್ದರು. 2014ರಲ್ಲಿ ಯುಜಿಸಿ ಅದನ್ನು ನಿಲ್ಲಿಸಿತು. ಮೇಣದ ಟ್ರೇ, ಗುಂಡುಪಿನ್ನು, ಫಾರ್ಮಲಿನ್ ನಾತ. ಪಕ್ಕದ ಬೆಂಚಿನವರು ಮೂಗಿಗೆ ಕರ್ಚೀಫು ಹಿಡಿದರು. ನಮ್ಮ ಕೈ ನಡುಗಲಿಲ್ಲ. ತೊಗಲು ಎಲ್ಲಿ ಸಡಿಲ, ಎಲ್ಲಿ ಬಿಗಿ ಅನ್ನೋದು ಬೆರಳಿಗೇ ಗೊತ್ತಿತ್ತು. ‘ನಿಮಗೆ ಇದೆಲ್ಲ ಅಭ್ಯಾಸ ಬಿಡ್ರಪ್ಪ’ ಅಂದರು ಮೇಷ್ಟ್ರು. ಬೆಂಚುಗಳೆಲ್ಲ ನಕ್ಕವು.

ಅಭ್ಯಾಸ, ಹೌದು. ನಮ್ಮಜ್ಜಂದಿರು ಊರಿನ ಸತ್ತ ದನ ಹೊತ್ತರು, ಸುಲಿದರು. ದನದ ಹೊಟ್ಟೆಗೆ ನಾಲ್ಕು ಕೋಣೆ ಅಂತ ತಿಳಿಯೋಕೆ ಅವರಿಗೆ ಪುಸ್ತಕ ಬೇಕಾಗಿರಲಿಲ್ಲ. ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಉದುರಿಸಿ, ತಂಗಡಿ ತೊಗಟೆಯ ನೀರಲ್ಲಿ ಹದ ಮಾಡಿದರು. ಬಾಟನಿಯಲ್ಲಿ ಅದೇ ತಂಗಡಿ ಕ್ಯಾಸಿಯಾ ಆರಿಕ್ಯುಲೇಟ ಆಗಿ ಬಂತು (ಈಗ ಸೆನ್ನಾ ಅಂತಾರೆ). ತೊಗಟೆಯ ಟ್ಯಾನಿನ್ನು ತೊಗಲಿನ ಕೊಲಾಜನ್ ಪ್ರೋಟೀನನ್ನು ಹಿಡಿದು ಕೊಳೆಯದಂತೆ ಕಾಯುತ್ತದಂತೆ. ಹಟ್ಟಿಯಲ್ಲಿ ಮಾಡಿದರೆ ಮೈಲಿಗೆ, ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸು.

ಇವತ್ತಿಗೂ ಎಷ್ಟೋ ಶವಾಗಾರಗಳಲ್ಲಿ ಹೆಣ ಕೊಯ್ಯೋ ಕೈ ನಮ್ಮವರದು. ರಿಪೋರ್ಟು ಬರೆಯೋ ಕೈ ಬೇರೆ. ಕತ್ತಿ ನಮಗೆ, ಪೆನ್ನು ಅವರಿಗೆ ಅಂತ ಹಂಚಿದವರು ಯಾರು?

ಆ ಪೆನ್ನು ಹಿಡಿಯೋಕೆ ಈಗ ನೀಟ್ ದಾಟಬೇಕು. 720 ಅಂಕದಲ್ಲಿ 360 ಜೀವಶಾಸ್ತ್ರದ್ದೇ. ಅಷ್ಟಕ್ಕೆ ಬೇಕಾದ ಕೋಚಿಂಗು ಫೀಸು ಕೂಲಿಯವರ ಮನೇಲಿ ಎಲ್ಲಿಂದ ಹುಟ್ಟಬೇಕು? ಅದೊಂದು ಜಗಳ ಇದ್ದೇ ಇದೆ, ಬಿಡೋದಿಲ್ಲ. ಆದರೆ ನೀಟ್ ಆಗಲಿಲ್ಲ ಅಂತ ಪುಸ್ತಕ ಮಡಚಿಟ್ಟು ಗಾರ್ಮೆಂಟ್ಸ್‌ಗೆ ಹೋಗೋ ಹುಡುಗಿಯರನ್ನು ಕಂಡರೆ ಹೊಟ್ಟೆ ಉರೀತದೆ. ಬಿ.ಎಡ್. ಮಾಡಿದರೆ ಮೇಷ್ಟ್ರುಗಿರಿ, ನಮ್ಮಲ್ಲಿ ಬಹಳ ಜನ ಅಲ್ಲಿಗೇ ನಿಂತೆವು. ಮೈಕ್ರೋಬಯಾಲಜಿ ಓದಿದವರು ನೀರು ಪರೀಕ್ಷೆ ಮಾಡೋ ಲ್ಯಾಬು, ಔಷಧಿ ಕಂಪನಿ ಸೇರಿದ್ದಾರೆ. ಯುಪಿಎಸ್‌ಸಿ ನಡೆಸೋ ಅರಣ್ಯ ಸೇವೆ ಪರೀಕ್ಷೆ ಕಟ್ಟೋಕೆ ಬಾಟನಿಯ, ಜುವಾಲಜಿಯ ಡಿಗ್ರಿ ನಡೀತದೆ. ಸೌದೆ ತಂದಿದ್ದಕ್ಕೆ ಗಾರ್ಡಿನ ಕೈಲಿ ಬೈಸಿಕೊಂಡವರ ಮಕ್ಕಳು ಆ ಕಾಡಿಗೆ ಆಫೀಸರಾಗಿ ಹೋಗಲಿ, ನೋಡೋಣ. ಎಂ.ಎಸ್ಸಿ. ಆಗಿ ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ, ಪಿಎಚ್.ಡಿ. ಮಾಡುವಾಗ ತಿಂಗಳಿಗೆ 37,000 ರೂಪಾಯಿ (2023ರಿಂದ ಈ ದರ). ಓದೋಕೂ ಸಂಬಳ ಕೊಡ್ತಾರೆ ಅಂದ್ರೆ ನಮ್ಮ ಅವ್ವಂದಿರು ನಂಬೋದೇ ಇಲ್ಲ.

ಸಂಶೋಧನೆ ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. 2013ರಲ್ಲಿ ಹಾರ್ವರ್ಡ್ ಮತ್ತು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಈ ದೇಶದ ಬೇರೆ ಬೇರೆ ಜನರ ಡಿಎನ್‌ಎ ಅಳೆದು ಒಂದು ಲೆಕ್ಕ ತೆಗೆದರು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಕಾಲದಲ್ಲಿ ಇಲ್ಲಿನ ಬಹುತೇಕ ಎಲ್ಲರ ರಕ್ತವೂ ಬೆರೆತಿದೆ; ಆಮೇಲೆ ತಂತಮ್ಮೊಳಗೇ ಮದುವೆ ಶುರುವಾಗಿ ಬೆರೆಯುವುದು ನಿಂತಿದೆ. ಹುಟ್ಟಿನಿಂದಲೇ ಬೇರೆ ಅಂದವರ ಬಾಯಿಗೆ ಪುರಾಣದಿಂದಲ್ಲ, ಲ್ಯಾಬಿನಿಂದ ಬಂದ ಉತ್ತರ ಇದು. ಇಂಥ ಲೆಕ್ಕ ಹಾಕೋ ಮೇಜಿನ ಮುಂದೆ ನಾವೂ ಕೂರಬೇಕು.

ಹಟ್ಟಿಯ ಹುಡುಗಿಯೊಬ್ಬಳು ಈ ವರ್ಷ ಎಂ.ಎಸ್ಸಿ. ಜೆನೆಟಿಕ್ಸ್‌ಗೆ ಅರ್ಜಿ ಹಾಕಿದ್ದಾಳೆ. ಫೀಸಿಗೆ ನಾವೆಲ್ಲ ಸೇರಿ ಕಾಸು ಎತ್ತಿದ್ದೇವೆ. ಹಾಸ್ಟೆಲ್ ಸೀಟು ಇನ್ನೂ ಆಗಬೇಕು.