ಬಿಲ್ಲಿಗೆ ಬ್ಯಾಟ್ರಿ

ಮನೆಗೊಂದು ಡ್ರಿಲ್ ಮಷೀನು ಬಂದ ಮೇಲೆ ಗೋಡೆಗಳಿಗೆ ನೆಮ್ಮದಿಯಿಲ್ಲ. ಮೊದಲೆಲ್ಲ ಒಂದು ಫೋಟೊ ತೂಗುಹಾಕಬೇಕೆಂದರೂ ಮನೆಮಂದಿ ಕೂತು ವಿಚಾರ ಮಾಡುತ್ತಿದ್ದರು. ಮೊಳೆ ಹೊಡೆದರೆ ಗಾರೆ ಉದುರುತ್ತದೆ, ಇದ್ದ ಮೊಳೆಗೇ ಅಜ್ಜನ ಜೊತೆ ಅಜ್ಜಿಯನ್ನೂ ನೇತುಹಾಕಿದರಾಯಿತು ಎಂದು ತೀರ್ಮಾನವಾಗುತ್ತಿತ್ತು. ಈಗ ವಿಚಾರಕ್ಕೂ ಮುಂಚೆ ಮಷೀನು ಗುಂಯ್‌ಗುಡುತ್ತದೆ. ಟೀವಿಗೆ ತೂತು, ಪರದೆಗೆ ತೂತು, ನೀರು ಸೋಸುವ ಡಬ್ಬಿಗೆ ತೂತು. ಬಾಡಿಗೆ ಮನೆ ಬಿಡುವ ದಿನ ಮಾಲೀಕರು ಗೋಡೆಯನ್ನು ನೋಡುವ ನೋಟ, ಸಿಡುಬಿನಿಂದ ಎದ್ದ ಮಗುವಿನ ಮುಖವನ್ನು ತಾಯಿ ನೋಡುವ ಹಾಗಿರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕಿನ ಸೀಮೆಯಲ್ಲಿ ಹಳೆಯ ವಿದ್ಯೆ ಕೊರೆಯುವುದಲ್ಲ, ಕಟ್ಟುವುದು. ನೊಗಕ್ಕೂ ಈಸಿಗೂ ನಡುವೆ ಮಿಣಿ ಬಿಗಿಯುತ್ತಾರೆ. ಮೂಲಾ ನಕ್ಷತ್ರದ ದಿನ ಕೊಟ್ಟೂರೇಶ್ವರರ ತೇರು ಎಳೆಯುವ ಮುಂಚೆ ಊರಲ್ಲಿ ಯಾರನ್ನಾದರೂ ಕೇಳಿ, ‘ತೇರು ಕಟ್ಟಾಕತ್ತಾರ’ ಎನ್ನುತ್ತಾರೆ. ಇಲ್ಲಿ ತಾಲ್ಲೂಕುಗಳನ್ನೂ ಬಿಚ್ಚಿ ಕಟ್ಟಿದ್ದಾರೆ: ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಕಟ್ಟಿದರು, ಆಮೇಲೆ ಬಿಚ್ಚಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರಕ್ಕೆ. ಊರಿಗೆ ಏನೂ ಆಗಿಲ್ಲ. ಕಟ್ಟಿದ್ದು ಬಿಚ್ಚಿದರೆ ಏನೂ ಆಗುವುದಿಲ್ಲ.

ರಾತ್ರಿಯ ಕಟ್ಟುಗಳು ಬೇರೆಯೇ ಒಂದು ಅಧ್ಯಾಯ. ಕೂಡ್ಲಿಗಿ ಕಡೆಯ ಹೊಲಗಳಲ್ಲಿ ಶೇಂಗಾ ಬಲಿಯುವ ಕಾಲಕ್ಕೆ ಕಾಡುಹಂದಿ ಬರುತ್ತವೆ; ಗುಡೇಕೋಟೆಯ ಕರಡಿಧಾಮದ ಸುತ್ತ ಕರಡಿಯೂ ಬರುತ್ತದೆ. ಪಂಪ್‌ಸೆಟ್ಟಿನ ಕರೆಂಟು ಬರುವುದೂ ಎಷ್ಟೋ ಸಲ ನಡುರಾತ್ರಿ. ಹಾಗಾಗಿ ನಮ್ಮ ಕಡೆ ಬ್ಯಾಟ್ರಿ ಇಲ್ಲದ ಮನೆಯಿಲ್ಲ. ಟಾರ್ಚಿಗೆ ನಮ್ಮಲ್ಲಿ ಬ್ಯಾಟ್ರಿ ಎಂದೇ ಹೆಸರು. ಆದರೆ ಹೊಲದವನಿಗೆ ಇರುವುದು ಎರಡೇ ಕೈ. ಒಂದರಲ್ಲಿ ಕೋಲು, ಇನ್ನೊಂದರಲ್ಲಿ ಸಲಿಕೆ. ಬ್ಯಾಟ್ರಿಯನ್ನು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕೋಲಿಗೆ ಬಿಗಿಯುತ್ತಾನೆ. ಕುರಿ ಕಾಯುವವನು ರುಮಾಲಿನ ಸುತ್ತಿಗೆ ಸಿಕ್ಕಿಸುತ್ತಾನೆ. ಬೆಳಗಾದರೆ ಬಿಚ್ಚಿ, ಪಟ್ಟಿಯನ್ನು ಗೂಟಕ್ಕೆ ನೇತುಹಾಕಿ, ಚಹಾ ಕುಡಿಯಲು ಹೋಗುತ್ತಾನೆ. ಕೋಲು ಕೋಲಾಗಿಯೇ ಉಳಿದಿರುತ್ತದೆ.

ಈ ವಿದ್ಯೆಗೆ ಒಂದು ಕಠಿಣ ಪರೀಕ್ಷೆ ಬಂದದ್ದು ನಮ್ಮ ಓಣಿಯ ಹುಡುಗನೊಬ್ಬ ಬಯಲಾಟದಲ್ಲಿ ಕಿರಾತನ ಪಾತ್ರ ಹಿಡಿದಾಗ. ಬೇಡರ ವೇಷದ ಶಿವ, ತಪಸ್ಸಿನ ಅರ್ಜುನ, ನಡುವೆ ಒಂದು ಹಂದಿ, ಯಾರ ಬಾಣ ಮೊದಲು ತಗುಲಿತೆಂದು ಜಗಳ. ತಾಲೀಮು ಶುರುವಾದ ಮೇಲೆ ಹುಡುಗನಿಗೆ ರಟ್ಟಿನ ಬಿಲ್ಲು ಸಾಕೆನಿಸಲಿಲ್ಲ. ನಾಯಕರ ಮನೆಯ ಅಜ್ಜನ ಹತ್ತಿರ ಹೋಗಿ, ದೇವರ ಕೋಣೆಯ ಬಿಲ್ಲನ್ನೇ ಕೇಳಿದ.

ಅದು ನಿಜವಾದ ಬೇಟೆಯ ಬಿಲ್ಲು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆ ಎಂದು ಬೇಡ ಪಾಳೆಯಗಾರರು ಆಳಿದ ಸೀಮೆ ಇದು. ಬಿದಿರಿನ ಸೀಳಿನಿಂದ ಮಾಡಿದ ಆ ಬಿಲ್ಲು ಅಜ್ಜನ ಅಜ್ಜನದಂತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಪೂರ್ತಿ ನಿವೃತ್ತಿ. ಆಯುಧ ಪೂಜೆಗೆ ಎಣ್ಣೆ, ಕುಂಕುಮ, ಚೆಂಡು ಹೂ. ಬಿಲ್ಲೆಂದರೆ ಈ ಕಡೆಯವರಿಗೆ ಬರೀ ಆಯುಧವೂ ಅಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಗದರಿ, ಒಂದೇ ಮಾತಿನ ಕಾರಣಿಕ ನುಡಿಯುತ್ತಾನೆ. ಆ ಒಂದು ಮಾತಿನಿಂದ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ವರ್ಷವಿಡೀ ಹಿಂಜುತ್ತಾರೆ. ಅಂಥ ಸೀಮೆಯಲ್ಲಿ ದೇವರ ಕೋಣೆಯ ಬಿಲ್ಲು ಕೇಳುವುದೆಂದರೆ ಸಣ್ಣ ಮಾತಲ್ಲ.

ಅಜ್ಜ ಕೊಟ್ಟರು. ಹುಡುಗ ಆಗ ಎರಡನೇ ಬೇಡಿಕೆ ಇಟ್ಟ: ‘ಯಜ್ಜಾ, ಇದಕ್ಕೊಂದು ಲೈಟ್ ಹಾಕ್ತೀನಿ. ಅಟ್ಟದ ಮ್ಯಾಲ ಹಿಂದ ಕರೀ ಪರದೆ ಇರತೈತಿ, ಬಿಲ್ಲು ಕಾಣೂದೇ ಇಲ್ಲ.’

ಅಜ್ಜ ಬಹಳ ಹೊತ್ತು ಎಲೆಯಡಿಕೆ ಜಗಿದರು. ‘ಹಾಕ್ಕೋ. ಆದ್ರ ತೂತು ಹೊಡದಿ ಅಂದ್ರ, ನಮ್ಮನಿ ಹೊಸ್ತಿಲ ತುಳೀಬ್ಯಾಡ.’

ಬಯಲಾಟಕ್ಕೆ ಬೆಳಕಿನ ಆಸೆ ಹೊಸದಲ್ಲ. ಪಂಜಿನ ಬೆಳಕಿನಲ್ಲಿ ಆಡಿದ ಆಟವದು. ಆಮೇಲೆ ಜರ್ಮನಿಯಲ್ಲಿ ಹುಟ್ಟಿದ ಪೆಟ್ರೋಮ್ಯಾಕ್ಸ್ ನಮ್ಮಲ್ಲಿ ಗ್ಯಾಸ್‌ಲೈಟು ಎನಿಸಿಕೊಂಡು ಅಟ್ಟದ ಎರಡೂ ಬದಿಗೆ ನೇತಾಡಿತು. ಕಿರೀಟ, ಭುಜಕೀರ್ತಿಗಳಿಗೆ ಕನ್ನಡಿ ಚೂರು, ಬೇಗಡೆ ಅಂಟಿಸಿದ್ದು ಯಾಕೆಂದರೆ, ಇರುವ ಅಲ್ಪ ಬೆಳಕನ್ನೇ ಹಿಡಿದು ಹಿಂದಿನ ಸಾಲಿನ ಚಾಪೆಯವರೆಗೂ ಎಸೆಯಲಿ ಎಂದು. ಹುಡುಗನದು ಆ ಪರಂಪರೆಯದೇ ಆಸೆ. ತೊಡಕು ಇದ್ದದ್ದು ಅಜ್ಜನ ಷರತ್ತಿನಲ್ಲಿ.

ಸುದ್ದಿ ಹಬ್ಬಿತು, ಸಲಹೆಗಾರರು ಬಂದರು. ಬಡಿಗೇರ ಅಣ್ಣ ‘ಸೂಜಿ ಹೋಗುವಷ್ಟು ತೂತು, ಅಜ್ಜಗ ಕಾಣ್ಸೂದಿಲ್ಲ’ ಎಂದ. ವೆಲ್ಡಿಂಗ್ ಅಂಗಡಿಯವನು ಕಬ್ಬಿಣದ ಪಟ್ಟಿಯ ಕ್ಲ್ಯಾಂಪ್ ಮಾಡಿ ನಟ್ಟು ಬೋಲ್ಟು ಹಾಕುವುದಾಗಿ ಹೇಳಿದ. ಮೊಬೈಲ್ ಅಂಗಡಿಯ ತಮ್ಮ ಎರಡು ಕಡೆ ಅಂಟುವ ಟೇಪು ತೋರಿಸಿದ. ಅವನು ಫೋನಿನಲ್ಲಿ ಅಮೆರಿಕದ ಬೇಟೆ ಬಿಲ್ಲನ್ನೂ ತೋರಿಸಿದ. ಅಲ್ಲಿನ ಗಾಲಿ ಬಿಲ್ಲುಗಳಿಗೆ ಹಿಡಿಕೆಯ ಮುಂದೆ ಕಾರ್ಖಾನೆಯಲ್ಲೇ ತಿರುಪಿನ ಮರೆಯಿರುವ ಒಂದು ತೂತು ಕೊರೆದಿರುತ್ತಾರೆ. ತೋಲಕ್ಕೆಂದು ಸಿಕ್ಕಿಸುವ ದಂಡಕ್ಕಾಗಿ ಮಾಡಿದ್ದು, ಅಗಲ ಒಂದು ಅಂಗುಲದ 16ರಲ್ಲಿ 5 ಪಾಲು. ಅದಕ್ಕೇ ಲೈಟು ತಿರುಗಿಸಿ ಕೂರಿಸಿದರೆ ಮುಗಿಯಿತು. ಅಲ್ಲಿ ಕೆಲವು ರಾಜ್ಯಗಳಲ್ಲಿ ರಾತ್ರಿ ಕಾಡುಹಂದಿ ಹೊಡೆಯಲು ಕಾನೂನಿನ ಒಪ್ಪಿಗೆಯಿದೆ, ಲೈಟಿನ ಸಾಮಾನಿಗೆ ಅಂಗಡಿಗಳಿವೆ. ನಮ್ಮಲ್ಲಿ ಬಿಲ್ಲೂ ಬ್ಯಾಟ್ರಿಯೂ ಹಿಡಿದು ಕಾಡಲ್ಲಿ ಸಿಕ್ಕವನಿಗೆ ಬೇಕಾಗುವುದು ವಕೀಲರು. ಬಯಲಾಟದ ಹಂದಿಗೆ ಮಾತ್ರ ಯಾವ ಕಾಯ್ದೆಯ ರಕ್ಷಣೆಯೂ ಇಲ್ಲ.

ಸಲಹೆಗಳನ್ನೆಲ್ಲ ಕೇಳಿದ ಅಜ್ಜ ಬಿಲ್ಲನ್ನು ತೊಡೆಯ ಮೇಲಿಟ್ಟು ಒಂದಿಷ್ಟೇ ಬಾಗಿಸಿ ತೋರಿಸಿದರು. ‘ನೋಡ್ರಿ, ಈ ಬೆನ್ನು ಹಿಗ್ಗತೈತಿ, ಹೊಟ್ಟಿ ಕುಗ್ಗತೈತಿ. ಜೀವ ಇರೂದು ಬೆನ್ನಿನ ಸಿಪ್ಪಿಯೊಳಗ. ಅದಕ್ಕ ಬೆನ್ನು ಕೆತ್ತೂದಿಲ್ಲ.’ ಬಿದಿರಿನ ಗಟ್ಟಿ ನಾರು ದಟ್ಟವಾಗಿರುವುದು ಹೊರಸಿಪ್ಪೆಯ ಬದಿಗೇ. ಹಿಗ್ಗುವ ಮೈಗೆ ಆ ಸಿಪ್ಪೆಯನ್ನೇ ಬಿಟ್ಟಿದ್ದಾರೆ. ತೂತು ಹೊಡೆದರೆ ನಾರು ಕಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ತೂತಿನ ಜಾಗದ ಎಳೆತವೆಲ್ಲ ತೂತಿನ ಅಂಚಿಗೆ ಬಂದು ಗುಂಪುಗೂಡುತ್ತದೆ. ಅಗಲವಾದ ತಗಡಿನ ನಡುವೆ ಸಣ್ಣದೊಂದು ದುಂಡನೆಯ ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ 3 ಪಟ್ಟಾಗುತ್ತದೆಂದು ಕಿರ್ಶ್ ಎಂಬ ಜರ್ಮನ್ ಎಂಜಿನಿಯರು 1898ರಲ್ಲಿ ಲೆಕ್ಕ ಹಾಕಿದ. ತಮಾಷೆಯೆಂದರೆ, ತೂತು ಎಷ್ಟು ಸಣ್ಣದಾದರೂ ಆ 3 ಪಟ್ಟು ಹಾಗೆಯೇ ಇರುತ್ತದೆ. ಬಡಿಗೇರ ಅಣ್ಣನ ಸೂಜಿ ತೂತಿಗೂ ರಿಯಾಯಿತಿಯಿಲ್ಲ. ಬಿದಿರಂತೂ ಉದ್ದಕ್ಕೆ ಸೀಳಿಕೊಳ್ಳಲು ನೆವ ಹುಡುಕುವ ಜಾತಿ.

ಕಬ್ಬಿಣದ ಕ್ಲ್ಯಾಂಪಿಗೂ ಅಜ್ಜ ತಲೆಯಾಡಿಸಿದರು. ಅದು ಬಾಗುವುದಿಲ್ಲ, ಬಿಲ್ಲು ಬಾಗುತ್ತದೆ. ಬಾಗದ್ದು ಬಾಗುವುದನ್ನು ಕಚ್ಚಿ ಹಿಡಿದರೆ ಕಚ್ಚಿದ ಕಡೆ ಗಾಯ. ಅಂಟಿನ ಟೇಪು ಕಿತ್ತರೆ ಮೇಲಿನ ಎಣ್ಣೆಯ ಹೊಳಪು ಹೋದೀತು. ತುದಿಗೆ ಏನನ್ನೂ ಕಟ್ಟಬೇಡಿ ಎಂದೂ ಹೇಳಿದರು, ಯಾಕೆಂದರೆ ಬಾಣ ಬಿಟ್ಟಾಗ ಓಡುವುದು ತುದಿ, ಅಲ್ಲಿ ಭಾರ ಬಿದ್ದರೆ ಬಿಲ್ಲಿನ ಶಕ್ತಿಯೆಲ್ಲ ಆ ಭಾರ ಹೊರುವುದಕ್ಕೇ ಖರ್ಚು. ಉಳಿದದ್ದು ಒಂದೇ ಜಾಗ, ನಡುವಿನ ಹಿಡಿಕೆ. ಅಲ್ಲಿ ಬಿಲ್ಲು ದಪ್ಪ, ಬಾಗುವುದೂ ಬಹಳ ಕಡಿಮೆ. ಆದರೆ ಅಲ್ಲಿ ನಿಲ್ಲಿಸುವುದು ಹೇಗೆ?

ಉತ್ತರ ಬಂದದ್ದು ಹಡಗಲಿಯಿಂದ. ಅಜ್ಜನ ತಂಗಿಯನ್ನು ಕೊಟ್ಟ ಊರು ಆ ಕಡೆ. ತವರಿಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಮೊಗ್ಗು ಸುತ್ತಿಕೊಂಡೇ ಬರುತ್ತಾರೆ. ಹಡಗಲಿ ಮಲ್ಲಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ಪಡೆದ ಹೂವು. ಆ ಊರವರಿಗೆ ಅದು ಹೊಸ ಹೆಮ್ಮೆಯೇನಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಹೂ ಕಟ್ಟುತ್ತ ಕೂತಿದ್ದ ಅವರು ಗಂಡಸರ ಸಭೆಯನ್ನು ಬಹಳ ಹೊತ್ತು ಸಹಿಸಿಕೊಂಡರು. ಕಾಲ ಹೆಬ್ಬೆರಳಿಗೆ ದಾರದ ತುದಿ. ಆ ಕಡೆ ಎರಡು ಮೊಗ್ಗು, ಈ ಕಡೆ ಎರಡು, ಮೇಲೊಂದು ಸುತ್ತು, ಬೆರಳ ತುದಿಯಲ್ಲೊಂದು ಕುಣಿಕೆ, ಎಳೆತ. ಸೂಜಿಯಿಲ್ಲ.

‘ಮೊಗ್ಗಿಗೆ ಚುಚ್ಚಿದ್ರ ಕಂದತೈತಿ ಅಂತ ನಾವು ಕಟ್ಟತೀವಿ. ನಿಮ್ಮ ಬಿಲ್ಲಿಗೇನು ಬಂದೈತಿ ರೋಗ? ತಾ ಇಲ್ಲಿ’ ಎಂದರು.

ಹುಡುಗ ಬಿಲ್ಲು ಕೊಟ್ಟ. ಅವರು ಮೊದಲು ಕೇಳಿದ್ದು ಹಳೆ ಧೋತರದ ಚೂರು. ಅದನ್ನು ಹಿಡಿಕೆಯ ಮೇಲಿನ ಅಂಚಿಗೆ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಎಳೆದು ಸುತ್ತಿದರು. ಧೋತರ ಬಿಲ್ಲಿನ ಮೈ ಕಾಯಲು, ರಬ್ಬರು ಜಾರದಿರಲು. ಅದರ ಮೇಲೆ ಲೈಟು. ದೊಡ್ಡ ಬ್ಯಾಟ್ರಿಯ ಮಾತೇ ಇಲ್ಲ. ಮೊಬೈಲ್ ಅಂಗಡಿಯ ತಮ್ಮ ತಂದದ್ದು ನಾಣ್ಯದಂಥ ಸೆಲ್ಲಿನ ಸಣ್ಣ ಎಲ್‌ಇಡಿ. ಸೆಲ್ಲು 20 ಮಿಲಿಮೀಟರ್ ಅಗಲ, 3 ವೋಲ್ಟು, ತೂಕ ಸುಮಾರು 3 ಗ್ರಾಂ. ಲೈಟನ್ನೂ ಹಿಡಿಕೆಯನ್ನೂ ಸೇರಿಸಿ ಹತ್ತಿ ದಾರದ ಸುತ್ತು ಹಾಕಿದರು. ಆಮೇಲೆ ಮಾಡಿದ್ದೇ ಅಸಲು ಕೆಲಸ: ಲೈಟಿಗೂ ಬಿಲ್ಲಿಗೂ ನಡುವಿನ ಸಂದಿಯಲ್ಲಿ ಅಡ್ಡ ಸುತ್ತು. ಒಂದು ಅಡ್ಡ ಸುತ್ತು ಬಿದ್ದರೆ ಮೊದಲಿನ ಸುತ್ತುಗಳೆಲ್ಲ ಒಮ್ಮೆಗೇ ಬಿಗಿಯುತ್ತವೆ. ದಾರದ ಕೊನೆಗೆ ಗಂಟು ಹಾಕಲಿಲ್ಲ. ಮೊದಲೇ ಸುತ್ತಿನಡಿ ಬಿಟ್ಟಿದ್ದ ಕುಣಿಕೆಗೆ ತೂರಿಸಿ, ಆ ಬದಿಯಿಂದ ಎಳೆದು ಒಳಗೇ ಹೂತುಬಿಟ್ಟರು.

ಸುತ್ತಿದ ಹಗ್ಗ ಯಾಕೆ ಅಷ್ಟು ಹಿಡಿಯುತ್ತದೆ ಎಂಬುದಕ್ಕೆ ಹದಿನೆಂಟನೇ ಶತಮಾನದ ಗಣಿತಜ್ಞ ಆಯ್ಲರ್ ಒಂದು ಸೂತ್ರ ಬರೆದಿಟ್ಟಿದ್ದಾನೆ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಒಂದು ಸುತ್ತಿಗೆ 6 ಪಟ್ಟು ಹಿಡಿತ ಎಂದಿಟ್ಟುಕೊಂಡರೆ ಎರಡಕ್ಕೆ 36, ಮೂರಕ್ಕೆ 216. ಕೆರಳಿದ ಹೋರಿಯ ಹಗ್ಗವನ್ನು ಗೂಟಕ್ಕೆ ಸುತ್ತಿ ಹತ್ತು ವರ್ಷದ ಹುಡುಗ ನಿಶ್ಚಿಂತೆಯಿಂದ ನಿಲ್ಲುವುದು ಈ ಲೆಕ್ಕದ ಬಲದಿಂದ.

ಎಲ್ಲ ಮುಗಿದ ಮೇಲೂ ಒಂದು ಕೊರತೆ ಉಳಿಯಿತು. ಹಿಡಿಕೆಯ ಹತ್ತಿರ ಬೆಳಕು, ಉಳಿದ ಬಿಲ್ಲು ಕತ್ತಲೆ. ಅದಕ್ಕೆ ಆಟದ ಮೇಷ್ಟ್ರು ವೇಷದ ಪೆಟ್ಟಿಗೆಯಿಂದ ಬೇಗಡೆ ತೆಗೆದರು. ಅಜ್ಜನ ತಂಗಿ ಅದರ ಸಣ್ಣ ಪಟ್ಟಿಗಳನ್ನು ಬಿಲ್ಲಿನ ಹೊಟ್ಟೆಯ ಬದಿಗೆ ಅಲ್ಲಲ್ಲಿ ದಾರದಲ್ಲಿ ಸಡಿಲವಾಗಿ ಕಟ್ಟಿದರು. ಹಿಡಿಕೆಯ ಕೆಳಗಿನ ಅಂಚಿಗೂ ಅಂಥದ್ದೇ ಇನ್ನೊಂದು ಲೈಟು ಕಟ್ಟಿದರು; ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಮುಖ ಮಾಡಿತು. ತುದಿಗೆ ಭಾರವಿಲ್ಲ, ಆದರೆ ತುದಿಯವರೆಗೂ ಮಿಂಚು. ಕಿರೀಟದ ಹಳೆಯ ಉಪಾಯ ಬಿಲ್ಲಿಗೂ ಒದಗಿತು.

ಆಟದ ರಾತ್ರಿ ಕಿರಾತ ಅಟ್ಟ ಏರಿ ಬಿಲ್ಲೆತ್ತಿದಾಗ ಜನ ಕೇಕೆ ಹಾಕಿದರು. ಸಾರಥಿ ಪಾತ್ರದವನು ಇಂಥ ಅವಕಾಶ ಬಿಡುವವನಲ್ಲ. ಮದ್ದಳೆ ನಿಲ್ಲಿಸಿ, ಶಿವನ ಸುತ್ತ ಒಂದು ಸುತ್ತು ಹಾಕಿ, ‘ಪರಮೇಶ್ವರಾ, ಬಿಲ್ಲೇನೋ ಭಾರೀ ಬೆಳಗತೈತಿ. ಇದರ ಕರೆಂಟ್ ಬಿಲ್ಲು ಯಾರು ಕಟ್ಟೋರು?’ ಎಂದ. ಶಿವ ನಗು ತಡೆಯಲಾರದೆ ಪರದೆಯ ಕಡೆ ತಿರುಗಿದ. ಹಂದಿ ಬಿದ್ದದ್ದು ಯಾರ ಬಾಣಕ್ಕೆ ಎಂಬ ಜಗಳ ಬೆಳಗಿನ ಜಾವದವರೆಗೂ ನಡೆಯಿತು. ದಾರ ಒಂದಿಷ್ಟೂ ಸಡಿಲಲಿಲ್ಲ.

ಬೆಳಿಗ್ಗೆ ಅಜ್ಜನ ಎದುರಿಗೇ ಬಿಚ್ಚಿದರು. ದಾರ, ರಬ್ಬರು, ಧೋತರ ಒಂದೊಂದಾಗಿ ಕಳಚಿದವು. ಅಜ್ಜ ಹಿಡಿಕೆಯ ಮೇಲೆ ಹೆಬ್ಬೆರಳಾಡಿಸಿ, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದರು. ಕಚ್ಚಿಲ್ಲ, ಗೀರಿಲ್ಲ. ತೂತಾಗಿದ್ದರೆ ಮೇಣ ತುಂಬಬಹುದಿತ್ತು, ಬಣ್ಣ ಬಳಿಯಬಹುದಿತ್ತು. ಬಿಚ್ಚಲು ಮಾತ್ರ ಆಗುತ್ತಿರಲಿಲ್ಲ. ಎಳೆತಕ್ಕೆ ಬಾಗಿ ದುಡಿಯುವುದಕ್ಕೆ ಏನನ್ನಾದರೂ ಹೊರಿಸುವುದಿದ್ದರೆ, ನಾಳೆ ಇಳಿಸಲು ಬರುವಂತೆ ಹೊರಿಸಬೇಕು. ಇದು ಬಿಲ್ಲಿಗಷ್ಟೇ ಹೇಳುವ ಮಾತಲ್ಲವೆಂದು ನನಗೆ ಅನಿಸಿತು. ಅಜ್ಜನಿಗೆ ಹೇಳಿದರೆ, ‘ನೀವು ಓದಿದವರು, ಎಲ್ಲಾದಕ್ಕೂ ಬಾಲ ಹಚ್ಚತೀರಿ’ ಎಂದರು.

ಹುಡುಗನಿಗೆ ಈಗ ಮುಂದಿನ ವರ್ಷದ ಚಿಂತೆ. ಗದಾಯುದ್ಧ ಆಡುತ್ತಾರಂತೆ, ಅವನೇ ಭೀಮನಂತೆ. ಮರದ ಗದೆಗೆ ಲೈಟು ಹಾಕಬಹುದೇ ಎಂದು ಅಳುಕುತ್ತಲೇ ಕೇಳಿದ. ‘ಅದಕ್ಕ ಎಷ್ಟು ತೂತಾದ್ರೂ ಹೊಡ್ಕೋ ಹೋಗು. ಅದು ಯಾವತ್ತರ ಬಾಗಿದ್ದು ಉಂಟೇನು?’ ಎಂದರು ಅಜ್ಜ.